ಯಾರ ಮೊಳ?

ಸಾಯಬಣ್ಣ ಮುಂಬಯಿಯ ಮುಲುಂಡಿಗೆ ಬಂದು ನಾಲ್ಕು ವರ್ಷ ಸಿಮೆಂಟಿನ ಬುಟ್ಟಿ ಹೊತ್ತದ್ದೇ ಬಂತು. ಯಾದಗಿರಿ ಕಡೆಯ ತನ್ನೂರಿನಲ್ಲಿ ಅವನು ಹೆಸರಾದ ಗೌಂಡಿ. ಮನೆ ಕಟ್ಟಿಸುವ ಯಜಮಾನನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ದಾರ ಹಿಡಿದು, ಅದೇ ಉದ್ದಕ್ಕೆ ಬಿದಿರು ಕತ್ತರಿಸಿ, ಆ ಕೋಲಿನಿಂದಲೇ ಪಾಯದಿಂದ ತೊಲೆಯವರೆಗೆ ಅಳೆಯುತ್ತಿದ್ದ. ಯಾರ ಮೊಳವೋ ಅವರ ಮನೆ. ಗೌಂಡಿ ಅಪ್ಪಿತಪ್ಪಿಯೂ ತನ್ನ ಕೈಯಳತೆ ಹಾಕಬಾರದು. ಮುಂಬಯಿಯಲ್ಲಿ ಇದನ್ನೆಲ್ಲ ಕೇಳುವವರು ಯಾರು? ಇಲ್ಲಿ ಎಲ್ಲರ ಜೇಬಿನಲ್ಲೂ ಟೇಪು. ಅದರ ಅಂಕಿ ಓದಲು ಬಾರದವನ ತಲೆಗೆ ಬುಟ್ಟಿ.

ಎಪ್ಪತ್ತೊಂದರ ದೀಪಾವಳಿ ಹತ್ತಿರವಿದ್ದಾಗ ಸುಪರ್‌ವೈಸರ್ ಸದಾನಂದ ಅವನನ್ನು ಕರೆದ. ಮಂಗಳೂರಿನವನು, ಕೆಟ್ಟವನೇನಲ್ಲ.

"ಹೊಸ ಸೊಸೈಟಿಯ ಅಂಗಳದಲ್ಲಿ ತುಳಸಿಕಟ್ಟೆ ಕಟ್ಟು. ಚೆಂದ ಆದ್ರೆ ನಾಳೆಯಿಂದ ನೀನೇ ಗೌಂಡಿ, ಬುಟ್ಟಿ ಹೊರುವುದು ಬೇಡ. ಎರಡು ಮೊಳ ಚೌಕ ಸಾಕಂತೆ."

"ಯಾರ ಮೊಳರೀ ಸಾಹೇಬ್ರ?"

"ಎಂತ ಯಾರ ಮೊಳ ಮಾರಾಯ? ಮೊಳ ಅಂದ್ರೆ ಮೊಳ."

"ಯಜಮಾನ್ರು ಯಾರಂತ ಗೊತ್ತಿಲ್ಲದ ಪಾಯ ಹ್ಯಾಂಗ ಹಾಕ್ಲಿರೀ?"

"ಹದಿನಾರು ಮನೆ ಉಂಟು, ಹದಿನಾರೂ ಯಜಮಾನರೇ. ಯಾರನ್ನಾದ್ರೂ ಕೇಳು. ನಾನು ಸಂಜೆಗೆ ಬರ್ತೇನೆ."

ಸಾಯಬಣ್ಣ ದಾರ ಹಿಡಿದು ಮೆಟ್ಟಿಲು ಹತ್ತಿದ. ಮೊದಲ ಮಾಳಿಗೆಯವರು ಲೋಕಲ್ ರೈಲು ತಪ್ಪುತ್ತದೆಂದು ಅವನನ್ನು ಸರಿಸಿಕೊಂಡು ಓಡಿದರು. ಎರಡನೆಯದರಲ್ಲಿ ಕೈಯ ದಾರ ನೋಡಿ, ದರ್ಜಿ ಬೇಡ, "ದರ್ಜಿ ನಹೀ ಚಾಹಿಯೇ" ಎಂದು ಬಾಗಿಲು ಹಾಕಿಕೊಂಡರು. ಮೂರನೆಯದರಲ್ಲಿ ಒಬ್ಬರು ಪಾಪ, ಕೈ ಚಾಚಿದರು. ಎದುರುಮನೆಯವರು ಹೊರಗೆ ಬಂದು, ಕಟ್ಟೆ ಇವರೊಬ್ಬರದೇ ಏನು ಎಂದು ಜಗಳ ತೆಗೆದರು. ಚಾಚಿದ ಕೈ ಒಳಗೆ ಹೋಯಿತು. ಸಾಯಬಣ್ಣನಿಗೆ ಮೈಯೆಲ್ಲ ಉರಿಯಿತು. ಹದಿನಾರು ಜನ ಯಜಮಾನರು, ಒಂದು ಕೈಗೂ ಗತಿಯಿಲ್ಲ!

"ಹಾಳಾಗಿ ಹೋಗ್ಲಿ" ಎಂದು ಕೆಳಗಿಳಿದು ತನ್ನ ಕೈಗೇ ದಾರ ಹಿಡಿದ. ಜೀವಮಾನದಲ್ಲಿ ಮೊದಲ ಸಲ. ಒಂದು ಕ್ಷಣ ಅಂಜಿದ. ಆಮೇಲೆ ಗಾರೆ ಮೆತ್ತುವ ಕರಣಿ ತಾನಾಗಿ ಓಡಿತು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಕಟ್ಟೆ ನಿಂತಿತ್ತು, ಮೂಲೆಗಳು ನೆಟ್ಟಗೆ, ದೀಪಕ್ಕೊಂದು ಪುಟ್ಟ ಗೂಡು. ಯಾರೂ ಇಲ್ಲದ್ದು ನೋಡಿ ಅವನೇ ಒಂದು ಸುತ್ತು ಬಂದ. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಸದಾನಂದ ಕೈಗಾಡಿಯಲ್ಲಿ ನಾಲ್ಕು ಅಮೃತಶಿಲೆಯ ಹಲಗೆ ತಂದ. ಚಿತ್ರ ಕೊರೆದವು, ನಾಲ್ಕು ಬದಿಗೂ ಹಚ್ಚಲಿಕ್ಕೆ. ಒಂದನ್ನು ಹಿಡಿದು ನೋಡಿದರೆ ಕಟ್ಟೆಯಿಂದ ಮೂರಿಂಚು ಆಚೆ ಚಾಚಿತು.

"ಎರಡು ಮೊಳ ಅಂದ್ರೆ ಮೂರು ಅಡಿ, ಅಷ್ಟೂ ಗೊತ್ತಿಲ್ವಾ? ಒಡೆದು ಹಾಕು ಇದನ್ನು. ನಾಳೆ ಬೇರೆ ಗೌಂಡಿಯನ್ನು ಕರೀತೇನೆ."

ಸಾಯಬಣ್ಣ ತನ್ನ ಮೊಳದ ದಾರವನ್ನು ಸುತ್ತಿ ಜೇಬಿಗೆ ಹಾಕಿದ. ಸುತ್ತಿಗೆ ಎತ್ತಿದ, ಆದರೆ ಅದೂ ಬೇಕಾಗಲಿಲ್ಲ. ಗಾರೆ ಇನ್ನೂ ಹಸಿಯಾಗಿತ್ತು. ಇಟ್ಟಿಗೆಗಳು ಒಂದೊಂದಾಗಿ ಅವನ ಕೈಗೇ ಬಂದವು.