ಬಾಗಿಲಲ್ಲಿಟ್ಟ ತುಂಬಿದ ಕೊಡ

ಪೊಲೀಸ್ ಆಕ್ಷನ್ ಆಗಿ ಕೆಲವು ವರ್ಷ ಕಳೆದಿದ್ದವು. ನಾರಾಯಣಪೇಟೆಯ ಶಾಲೆಯಲ್ಲಿ ಗಂಟೆಯ ಪ್ರಕಾರ ಎದ್ದು ಕೂತು ಬೆಳೆದ ನಾನು, ಮದುವೆಯಾಗಿ ಮಕ್ತಲ್ ಹತ್ತಿರದ ಕುರುಬರ ಊರಿಗೆ ಬಂದಿದ್ದೆ. ಅಲ್ಲಿ ಗಂಟೆಯ ಬದಲು ಹಳ್ಳವಿತ್ತು. ಕೋಳಿ ಕೂಗುವ ಮುಂಚೆ ಎದ್ದು ಅತ್ತೆಯ ಹಿಂದೆ ಹೋಗಬೇಕು, ಮರಳು ಕೆದರಬೇಕು, ಒಸರಿದ ನೀರನ್ನು ಚರಿಗೆಯಿಂದ ಕೊಡಕ್ಕೆ ತುಂಬಬೇಕು. ಬಿಸಿಲೇರಿದ ಮೇಲೆ ಮತ್ತೊಮ್ಮೆ ಅದೇ. ಅತ್ತೆಗೆ ಸೊಂಟ ಹಿಡಿದಿತ್ತು. ಆದರೂ ತಮ್ಮ ಕೊಡವನ್ನು ನನಗೆ ಬಿಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಪಟೇಲರು ಸುದ್ದಿ ತಂದರು. ದೆಹಲಿಯ ಸರ್ಕಾರ ಹಿಂದುಳಿದ ಸೀಮೆಗಳನ್ನು ಉಳಿದವುಗಳ ಸಮಕ್ಕೆ ತರಲು ಯೋಜನೆ ಹಾಕಿದೆ. ಸಾಹೇಬರೊಬ್ಬರು ಬಂದು ನೋಡುತ್ತಾರೆ. ನಮ್ಮೂರು, ಪಕ್ಕದೂರು, ಎರಡರಲ್ಲಿ ನೀರಿನ ತೊಂದರೆ ಎಲ್ಲಿ ಹೆಚ್ಚೋ ಅಲ್ಲಿಗೆ ಒಂದು ಬಾವಿ.

ದೊಡ್ಡವರು ಊರಿಗೆ ಬಂದರೆ ಪ್ರತಿ ಬಾಗಿಲಲ್ಲೂ ತುಂಬಿದ ಕೊಡ ಇಡುವುದು ನಮ್ಮಲ್ಲಿ ಪದ್ಧತಿ. ಸಾಹೇಬರು ಬರುವ ಹಿಂದಿನ ದಿನ ಹೆಂಗಸರೆಲ್ಲ ಕತ್ತಲಾಗುವ ತನಕ ನೀರು ಹೊತ್ತರು.

“ಅತ್ತಿ, ನಾಳಿ ಒಂದಿನ ಕೊಡ ಖಾಲಿ ಇರಲಿ. ಸಾಹೇಬರು ನೋಡ್ಲಿ,” ಅಂದೆ.

“ಬಂದವರಿಗೆ ಖಾಲಿ ಕೊಡ ಎದುರು ಹಿಡಿಯಾಕ ನಾವೇನು ಅವರ ವೈರಿಗಳೇನ? ಸಾಲಿಯಾಗ ಇದನ್ನ ಕಲ್ತಿಯೇನು?”

ಪಕ್ಕದ ಮನೆಯ ಮುದುಕಿ ನಕ್ಕಳು. “ನಿನ್ನ ಸೊಸಿ ಅಪಶಕುನ ಮಾಡಿ ಬಾವಿ ತೆಗಸ್ತಾಳಂತ, ತೆಗಸ್ಲಿ ಬಿಡವ್ವ.”

ಜೀಪು ಬಂತು. ಸಾಹೇಬರು ನಮ್ಮ ಬಾಗಿಲಲ್ಲೇ ಕಾಲು ತೊಳೆದರು, ಮುಖ ತೊಳೆದರು, ಎರಡು ಚೆಂಬು ಕುಡಿದರು. ಓಣಿಯುದ್ದಕ್ಕೂ ಕೊಡಗಳು ತುಳುಕುತ್ತಿದ್ದವು. ಇಲ್ಲಿ ನೀರಿಗೇನೂ ಕಡಿಮೆಯಿಲ್ಲ, ಪಕ್ಕದೂರಿನಲ್ಲಿ ಕುಡಿಯಲೂ ಯಾರೂ ಕೊಡಲಿಲ್ಲ ಎಂದು ಉರ್ದುವಿನಲ್ಲಿ ಹೇಳಿದರು.

“ಇದು ಹಳ್ಳದ್ದು ರೀ ಸಾಹೇಬ್ರ, ಹೆಣ್ಮಕ್ಕಳು ಹೊತ್ತು ತಂದದ್ದು,” ಅಂದರು ಪಟೇಲರು, ತಮಗೆ ಬಂದಷ್ಟು ಉರ್ದುವಿನಲ್ಲಿ.

ಎಲ್ಲ ಊರಲ್ಲೂ ಇದೇ ಮಾತು ಎಂದು ಸಾಹೇಬರು ಕೈಯೊರೆಸಿಕೊಂಡರು.

ಅವರಿಗೆ ತಿಳಿಸಿ ಹೇಳುವಷ್ಟು ಉರ್ದು ಶಾಲೆಯಲ್ಲಿ ನನಗೆ ಕಲಿಸಿದ್ದರು. ಆದರೆ ಹೊಸ ಸೊಸೆ ಗಂಡಸರ ಮುಂದೆ ಬಾಯಿ ತೆರೆಯುವಂತಿರಲಿಲ್ಲ. ಬಾಗಿಲ ಮರೆಯಲ್ಲಿ ಅತ್ತೆ ನನ್ನ ಸೆರಗನ್ನು ಬಿಗಿಯಾಗಿ ಹಿಡಿದಿದ್ದರು. ಅವರಿಗೆ ಉರ್ದು ಬರುತ್ತಿರಲಿಲ್ಲ, ಏನಾಗುತ್ತಿದೆ ಎಂಬುದು ಮಾತ್ರ ಪಟೇಲರ ಮುಖ ನೋಡಿಯೇ ತಿಳಿದಿತ್ತು.

ಜೀಪು ಬಂದ ದಾರಿಯಲ್ಲೇ, ಪಕ್ಕದೂರಿನ ಕಡೆ ತಿರುಗಿತು. ಅತ್ತೆ ಸೊಂಟ ಹಿಡಿದುಕೊಂಡೇ ಬಗ್ಗಿ ಕೊಡವನ್ನು ಒಳಗೆ ತಂದಿಟ್ಟರು.

“ಪಾಪ, ಬಿಸಿಲಾಗ ಬಂದಿದ್ರು. ಹೊಟ್ಟಿ ತುಂಬ ಕುಡಿದ್ರು ನೋಡು,” ಅಂದರು.

ಮರುದಿನ ಕೋಳಿ ಕೂಗುವ ಮುಂಚೆ ಇಬ್ಬರೂ ಎದ್ದೆವು.