ಸೋಮವಾರ ತೆರೆದ ತಕ್ಕಡಿ ಮನೆ

ಪಟ್ಟಿಯಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಆ ಹೆಸರಿನಿಂದ ಕರೆಯುತ್ತಿದ್ದದ್ದು ಗಂಡನೊಬ್ಬನೇ, ಅದೂ ಸಿಟ್ಟು ಬಂದಾಗ. ಉಳಿದವರಿಗೆಲ್ಲ ಅವಳು ಪಟ್ಟಿಯಕ್ಕ. ಆ ಸೀಮೆಯಲ್ಲಿ ಹದಿನಾಲ್ಕು ಮ್ಯೂಸಿಯಂಗಳಿದ್ದವು. ಮುಂದಿನ ಮೂರು ತಿಂಗಳು ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಏನು ನಡೆಯುತ್ತದೆ ಅಂತ ತಿಳಿಸುವ ಮಡಚು ಹಾಳೆಯನ್ನು ಇಪ್ಪತ್ತೆರಡು ವರ್ಷದಿಂದ ತಯಾರಿಸುತ್ತಿದ್ದವಳು ಅವಳೇ. ದೊಡ್ಡ ಮ್ಯೂಸಿಯಂನ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಫೋನು, ಗೋಡೆಗೊಂದು ಕ್ಯಾಲೆಂಡರು. ನಿಂತರೆ ತಲೆಗೆ ಮೆಟ್ಟಿಲು ತಾಗುತ್ತಿತ್ತು, ಹಾಗಾಗಿ ಕೂತೇ ಆಳುತ್ತಿದ್ದಳು.

ಅವಳ ಪಟ್ಟಿಯಲ್ಲಿ ತಪ್ಪು ಹುಡುಕಿ ನೋಡೋಣ! ಆ ಹಾಳೆ ಹಿಡಿದು ಹೋದವರ ಎದುರು ಒಂದು ದಿನವೂ ಬಾಗಿಲು ಮುಚ್ಚಿದ್ದಿಲ್ಲ. ಅದಕ್ಕೆ ಕಾರಣ ಅವಳ ಒಂದು ಪದ್ಧತಿ. ಮೇಲಿನವರಿಂದ ಮೊಹರು ಹಾಕಿದ ಕಾಗದ ಬಂದರೂ ನಂಬುತ್ತಿರಲಿಲ್ಲ. ಪ್ರತಿ ಮ್ಯೂಸಿಯಂನಲ್ಲೂ ಬೀಗದ ಕೈ ಯಾರ ಹತ್ತಿರ ಇದೆಯೋ ಅವರಿಗೆ ಫೋನು ಮಾಡಿ ಕೇಳಿದ ಮೇಲೆಯೇ ಬರೆಯುತ್ತಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

"ಏನಣ್ಣಾ, ಹದಿನೇಳಕ್ಕೆ ಮಕ್ಕಳಿಗೆ ಮಡಕೆ ಮಾಡೋದು ಕಲಿಸ್ತಾರಂತೆ. ಬಾಗಿಲು ತೆಗೀತೀರಾ?"

"ಅಯ್ಯೋ ಅಕ್ಕಾ, ಯಾರು ಹೇಳಿದ್ದು ನಿಮಗೆ? ಅವತ್ತು ನೆಲ ಅಗೀತಾರೆ ಇಲ್ಲಿ."

ಹೀಗೆ ಹದಿನೇಳು ಇಪ್ಪತ್ನಾಲ್ಕಾಗುತ್ತಿತ್ತು. ಫೋನಿನಲ್ಲೇ ಅವರ ಮಂಡಿನೋವು, ಮಗಳ ಮದುವೆ, ಮೊಮ್ಮಗನ ತುಂಟಾಟ ಎಲ್ಲ ಅವಳಿಗೆ ಬಾಯಿಪಾಠ. ಆದರೆ ದೂರದೂರಿನ ಆ ಬೀಗದವರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡವಳಲ್ಲ.

ಆ ಸಲ ಹದಿನಾಲ್ಕು ಮ್ಯೂಸಿಯಂಗಳಿಗೂ ಹೊಸ ಸಾಹೇಬರು ಬಂದಿದ್ದರು. ಕೆಟ್ಟವರಲ್ಲ ಪಾಪ, ಆದರೆ ಎಲ್ಲದಕ್ಕೂ ಆತುರ. ಪಟ್ಟಿಯ ಕರಡಿನಲ್ಲಿ ಹದಿನಾಲ್ಕನೇ ಮ್ಯೂಸಿಯಂನ ಎದುರು ಖಾಲಿ ಜಾಗ ಕಂಡು ಪೆನ್ನಿನ ತುದಿಯಿಂದ ತಟ್ಟಿದರು. ಅದು ತಕ್ಕಡಿ ಮನೆ. ತಕ್ಕಡಿ ಮಾಡಿಯೇ ಬಾಳಿದ ಒಬ್ಬ ಮುದುಕ ತನ್ನ ಕಾರ್ಖಾನೆಯಲ್ಲೇ ಕೂಡಿಟ್ಟ ನೂರಾರು ತಕ್ಕಡಿಗಳ ಮ್ಯೂಸಿಯಂ.

"ಹೋದ ಪಟ್ಟಿಯಲ್ಲೂ ಏನಿಲ್ಲ, ಈ ಸಲವೂ ಏನಿಲ್ಲ. ಮುಚ್ಚಿಬಿಡೋಣ. ಸಾಮಾನೆಲ್ಲ ನಮ್ಮ ಉಗ್ರಾಣಕ್ಕೆ ತರಿಸಿ."

ಉಗ್ರಾಣಕ್ಕೆ ಹೋದ ಸಾಮಾನು ಮತ್ತೆ ಬೆಳಕು ಕಂಡದ್ದನ್ನು ಪಟ್ಟಿಯಕ್ಕ ನೋಡಿರಲಿಲ್ಲ. "ನಾಲ್ಕು ದಿನ ಕೊಡಿ ಸಾರ್," ಎಂದಳು.

ಮುದುಕನ ಫೋನು ಕೆಟ್ಟು ಕೂತಿತ್ತು. ಸೋಮವಾರ ಎಲ್ಲ ಮ್ಯೂಸಿಯಂಗಳಿಗೂ ವಾರದ ರಜೆ, ಅವಳಿಗೂ ರಜೆ. ಎರಡು ಬಸ್ಸು ಬದಲಿಸಿ ಹೊರಟೇಬಿಟ್ಟಳು. "ರಜೆ ದಿನವೂ ಮ್ಯೂಸಿಯಂಗೆ ಹೋಗೋಳು ಲೋಕದಲ್ಲಿ ನೀನೊಬ್ಬಳೇ ಕಣೇ," ಎಂದು ಗಂಡ ನಕ್ಕ.

ತಕ್ಕಡಿ ಮನೆಯ ಬಾಗಿಲು ಗಿಡ್ಡ. ಹಣೆ ಚಚ್ಚಿಕೊಂಡೇ ಒಳಗೆ ಹೋದಳು. ಮುದುಕ ನೆಲದ ಮೇಲೆ ಕೂತು ಒಂದೊಂದೇ ತಕ್ಕಡಿ ಇಳಿಸಿ ಒರೆಸುತ್ತಿದ್ದ. ಚಿನ್ನ ತೂಗುವ ಅಂಗೈಯಗಲದ ತಕ್ಕಡಿ, ಅಂಚೆ ತೂಗುವುದು, ಹುಟ್ಟಿದ ಮಗುವನ್ನು ಮಲಗಿಸಿ ತೂಗುವ ತೊಟ್ಟಿಲಿನಂಥದ್ದು. ಒರೆಸಿ, ಎಣ್ಣೆ ಬಿಟ್ಟು, ಎರಡೂ ತಟ್ಟೆಗೆ ಸಮ ತೂಕ ಇಟ್ಟು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಮುಳ್ಳು ನೇರ ನಿಂತರೆ "ಭೇಷ್" ಅನ್ನುತ್ತಿದ್ದ. ಪಟ್ಟಿಯಕ್ಕ ಕೂತವಳು ಮೂರು ಗಂಟೆ ಎದ್ದೇಳಲಿಲ್ಲ.

"ನನ್ನ ಹತ್ರ ಎಂಥ ಕಾರ್ಯಕ್ರಮ ತಾಯಿ? ಭಾಷಣ ಬರಲ್ಲ, ಹಾಡು ಬರಲ್ಲ."

"ಇದೇ ಕಾರ್ಯಕ್ರಮ ತಾತಾ. ಪ್ರತಿ ಸೋಮವಾರ ಮಾಡ್ತೀರಾ?"

"ಬೇರೆ ದಿನ ಬಾಗಿಲು ಕಾಯಬೇಕಲ್ಲ. ಸೋಮವಾರವೇ ಮಾಡೋದು."

"ಆ ದಿನ ಬಾಗಿಲು ತೆಗೀತೀರಾ?"

"ನೀವು ಬರೀರಿ, ನಾನು ತೆಗೀತೀನಿ."

ಬರೆದಳು. ಸಾಹೇಬರು ಓದಿ ಕಣ್ಣು ಕಣ್ಣು ಬಿಟ್ಟರು. "ಸೋಮವಾರವಾ? ಅಚ್ಚಿನ ತಪ್ಪು ಅಂತ ಜನ ನಗ್ತಾರೆ. ಮಂಗಳವಾರ ಅಂತ ತಿದ್ದಿ."

"ಮಂಗಳವಾರ ತಾತ ಒರೆಸಲ್ಲ ಸಾರ್. ಇಲ್ಲದ್ದನ್ನ ನಾನು ಬರೆಯಲ್ಲ."

ಸಾಹೇಬರಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ಆಯ್ತು. ಮೊದಲ ಸೋಮವಾರ ಇಪ್ಪತ್ತು ಜನ ಬಂದರೆ ತಕ್ಕಡಿ ಮನೆ ಉಳೀತು. ಬರದಿದ್ದರೆ ಮಾರನೇ ದಿನವೇ ಲಾರಿ ಕಳಿಸ್ತೀನಿ. ನಾನೇ ಬಂದು ನೋಡ್ತೀನಿ."

ಪಟ್ಟಿ ಅಚ್ಚಾಗಿ ಹದಿನಾಲ್ಕು ಬಾಗಿಲುಗಳಲ್ಲೂ ತೂಗಿತು. ಆಮೇಲೆ ಪಟ್ಟಿಯಕ್ಕನಿಗೆ ಚಿಂತೆ ಹಿಡಿಯಿತು. ಸೋಮವಾರ ಬೆಳಗ್ಗೆ ಯಾರಿಗಪ್ಪಾ ಬಿಡುವು? ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ. ಆ ಮುದುಕನನ್ನು ಮಾತಿನಲ್ಲಿ ಹತ್ತಿಸಿ ಏಣಿ ತೆಗೆದಂತಾಯಿತಲ್ಲ ಎಂದು ವಾರವಿಡೀ ಅನ್ನ ಸೇರಲಿಲ್ಲ.

ಆ ಸೋಮವಾರ ಒಂಬತ್ತಕ್ಕೇ ಹೋಗಿ ಬಾಗಿಲಲ್ಲಿ ನಿಂತಳು. ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೆಲಕ್ಕೆ ಉದ್ದದ ಚಾಪೆ ಹಾಸಿ ಕೂತಿದ್ದ. ಹತ್ತಾಯಿತು, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಹತ್ತೂವರೆಯಾಯಿತು. ತಾತ ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

ಹನ್ನೊಂದರ ಬಸ್ಸು ಬಂದು ತಿರುವಿನಲ್ಲಿ ನಿಂತಿತು. ಒಬ್ಬ ಇಳಿದ. ಹಿಂದೆ ಒಬ್ಬಳು, ಮೊಮ್ಮಗಳ ಕೈ ಹಿಡಿದು. ಇನ್ನೂ ಮೂವರು. ಇಳಿಯುತ್ತಲೇ ಇದ್ದರು! ಎಲ್ಲರ ಕೈಯಲ್ಲೂ ಮಡಚು ಹಾಳೆ. ಒಬ್ಬರಿಗೊಬ್ಬರು ಗುರುತಿಲ್ಲ, ಆದರೆ ಬಾಗಿಲಿಗೆ ಬಂದವರೆಲ್ಲ ಮೊದಲು ನೋಡಿದ್ದು ಬೀಗವನ್ನು. ಒಬ್ಬನಂತೂ ಚಿಲಕ ಎಳೆದು ನೋಡಿ, "ಎಣ್ಣೆ ಬೇಕು ಇದಕ್ಕೆ," ಅಂದ.

"ತಲೆ ಬಗ್ಗಿಸಿ ಬನ್ನಿ, ಬಾಗಿಲು ಗಿಡ್ಡ," ಎಂದಳು ಪಟ್ಟಿಯಕ್ಕ.

ಆ ದನಿ ಕೇಳಿ ಸಾಲು ಗಕ್ಕನೆ ನಿಂತಿತು.

"ಅಕ್ಕಾ?" ಅಂದ ಮುಂದಿದ್ದವನು. "ಪಟ್ಟಿಯಕ್ಕ ಅಲ್ವಾ? ನಾನು ಕಣಕ್ಕಾ, ಮಡಕೆ ಮ್ಯೂಸಿಯಂ! ನೆಲ ಅಗೆದಿದ್ದು!"

"ನಾನು ದೋಣಿ ಮ್ಯೂಸಿಯಂ!" ಎಂದು ಮೊಮ್ಮಗಳನ್ನು ಕರೆತಂದವಳು ಹಿಂದಿನಿಂದಲೇ ಕೂಗಿದಳು. "ಮಂಡಿನೋವು!"

ಪಟ್ಟಿಯಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹನ್ನೆರಡು ಊರುಗಳ ಬೀಗದವರು. ಗಂಡ, ಹೆಂಡತಿ, ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದರು. ಅಷ್ಟು ವರ್ಷ ಅವಳ ಪಟ್ಟಿಯನ್ನು ಬಾಗಿಲಿಗೆ ತೂಗುಹಾಕಿದವರು ಅವರೇ, ಪಟ್ಟಿಯಲ್ಲಿದ್ದ ಒಂದಕ್ಕೂ ಹೋಗಲಾಗದವರೂ ಅವರೇ. ಅವರ ರಜೆಯ ದಿನ ಲೋಕದ ಮ್ಯೂಸಿಯಂಗಳಿಗೆಲ್ಲ ರಜೆ. ಇಪ್ಪತ್ತೆರಡು ವರ್ಷ ದಿನ ನೋಡಿ ನೋಡಿ ಬರೆದವಳಿಗೆ ಇದೊಂದು ಹೊಳೆದಿರಲಿಲ್ಲವಲ್ಲ!

ಸಾಹೇಬರು ಹನ್ನೆರಡಕ್ಕೆ ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಚಾಪೆಯುದ್ದಕ್ಕೂ ಜನ ತಕ್ಕಡಿ ಒರೆಸುತ್ತಿದ್ದರು. ಮಗು ತೂಗುವ ತಕ್ಕಡಿಯಲ್ಲಿ ಯಾರದೋ ನಿಜವಾದ ಮಗು ಕೈಕಾಲು ಬಡಿಯುತ್ತಿತ್ತು. ತಾತ ಮುಳ್ಳು ನೋಡಿ "ಭೇಷ್" ಅಂದರೆ ಮೂವತ್ತು ಗಂಟಲು "ಭೇಷ್" ಅನ್ನುತ್ತಿದ್ದವು.

"ನೀವೆಲ್ಲ ನಮ್ಮವರೇ ಅಲ್ವಾ?" ಎಂದರು ಸಾಹೇಬರು. "ರಜೆ ದಿನ ಇಲ್ಲಿ ಯಾಕೆ?"

ದೋಣಿ ಮ್ಯೂಸಿಯಂನವಳು ಬಟ್ಟೆ ಕೆಳಗಿಟ್ಟಳು. "ಮೂವತ್ತು ವರ್ಷ ಊರವರಿಗೆಲ್ಲ ಬಾಗಿಲು ತೆಗೆದೆ ಸಾರ್. ನನಗೋಸ್ಕರ ಬಾಗಿಲು ತೆಗೆದಿದ್ದು ಇವತ್ತೇ ಮೊದಲು."

ಸಾಹೇಬರು ಭೇಟಿ ಪುಸ್ತಕ ತೆಗೆದು ಮೂವತ್ತೆರಡನೆಯ ಸಾಲಿನಲ್ಲಿ ತಮ್ಮ ಸಹಿ ಹಾಕಿದರು. ಲಾರಿಯ ಮಾತೆತ್ತಲಿಲ್ಲ. ಜೇಬಿನಿಂದ ಪಟ್ಟಿ ತೆಗೆದು, 'ಸೋಮವಾರ' ಅನ್ನುವ ಪದದ ಸುತ್ತ ತಾವೇ ಹಾಕಿದ್ದ ಕೆಂಪು ಗೆರೆಯನ್ನು ನೋಡಿದರು.

"ತಪ್ಪಿಲ್ಲ ಬಿಡಮ್ಮ ಇದರಲ್ಲಿ."

ಪಟ್ಟಿಯಕ್ಕ ಸೊಂಟ ನೆಟ್ಟಗೆ ಮಾಡಿ ನಿಂತಳು. ಇಲ್ಲಿ ಮೆಟ್ಟಿಲು ತಾಗುವ ಭಯವಿರಲಿಲ್ಲ.

"ಇಪ್ಪತ್ತೆರಡು ವರ್ಷದಿಂದ ಇಲ್ಲ ಸಾರ್," ಎಂದಳು.