ಎಡಕ್ಕೆ ಎರಡು ಬೆರಳು ಎತ್ತರ

ಶಿರಾ ಗೇಟಿನ ಚಿಕ್ಕರಂಗಯ್ಯನವರ ಕುಷನ್ ಅಂಗಡಿಗೆ ಬಂದವರು ನಿಂತುಕೊಂಡು ಮಾತನಾಡುವ ಹಾಗಿರಲಿಲ್ಲ. ಬಾಗಿಲ ಪಕ್ಕದಲ್ಲಿ ಹಳೇ ಲಾರಿಯ ಸೀಟೊಂದಿತ್ತು. ಮೊದಲು ಅದರ ಮೇಲೆ ಕೂರಬೇಕು. ಬಂದವರು ತಮ್ಮ ಕೆಲಸ ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ಬೆನ್ನು ಎಲ್ಲಿ ನೋಯುತ್ತದೆ, ಯಾವ ತೊಡೆ ಜೋಮು ಹಿಡಿಯುತ್ತದೆ ಎಂಬುದು ಚಿಕ್ಕರಂಗಯ್ಯನವರಿಗೆ ಗೊತ್ತಾಗಿಬಿಡುತ್ತಿತ್ತು.

"ಎಲ್ಲಿಗಂಟ ಓಡಿಸ್ತೀಯಪ್ಪಾ ಗಾಡಿ?"

"ಹುಬ್ಬಳ್ಳಿಗಂಟ."

"ಹಂಗಾದ್ರೆ ಸೊಂಟದ ಹತ್ರ ಒಂದು ಹಿಡಿ ನಾರು ಜಾಸ್ತಿ ಹಾಕ್ತೀನಿ. ನಾಳಿದ್ದು ಬಾ."

ಅವರ ತಂದೆ ಗುಬ್ಬಿಯಲ್ಲಿ ಎತ್ತಿನ ಗಾಡಿಗಳಿಗೆ ಮೆತ್ತೆ ಹೊಲಿಯುತ್ತಿದ್ದರು. ಮಗ ಆ ಸೂಜಿಯನ್ನೇ ಹಿಡಿದು ತುಮಕೂರಿಗೆ ಬಂದು ಲಾರಿ, ಬಸ್ಸುಗಳ ಸೀಟಿಗೆ ಇಳಿದರು. ಮೂವತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತರು. ಕೂರುವ ಸ್ಟೂಲು ಮಾತ್ರ ಬರೀ ಮರದ್ದು. ಅದರ ಮೇಲೆ, ಬಲಗಡೆಗೆ, ನಾಲ್ಕು ಮಡಿಕೆ ಮಾಡಿದ ಗೋಣಿ ತುಂಡೊಂದು. ಅದಿಲ್ಲದಿದ್ದರೆ ಅವರಿಗೆ ಹೊಲಿಗೆ ನೆಟ್ಟಗೆ ಬರುತ್ತಿರಲಿಲ್ಲ. "ಊರಿಗೆಲ್ಲ ಮೆತ್ತೆ, ನಿಮಗೆ ಗೋಣಿ" ಎಂದು ಹೆಂಡತಿ ಲಕ್ಷ್ಮೀದೇವಮ್ಮ ಆಡಿಕೊಳ್ಳುತ್ತಿದ್ದರು.

ಎಂಬತ್ತಮೂರರ ಸಂಕ್ರಾಂತಿ ಕಳೆದ ವಾರ ಅಂಗಡಿಗೆ ಎತ್ತರದ ಆಳೊಬ್ಬ ಬಂದ. ಹೆಸರು ಅಂಜನಮೂರ್ತಿ. ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ.

"ಕೂತ್ಕೊಳಪ್ಪ."

"ಬ್ಯಾಡ ಬುಡಿ ರಂಗಣ್ಣೋರೆ, ನಿಂತ್ಕೊಂಡೇ ಹೇಳ್ತೀನಿ."

ಆ ಅಂಗಡಿಯಲ್ಲಿ ಕೂರುವುದಿಲ್ಲ ಎಂದ ಮೊದಲ ಗಿರಾಕಿ ಅವನೇ. ಹತ್ತು ವರ್ಷದ ಹಿಂದೆ ಶೆಡ್ಡಿನ ಸೂರಿನಿಂದ ಬಿದ್ದು ಅವನ ಎಡಸೊಂಟ ಮುರಿದಿತ್ತು. ಮೂಳೆ ಕೂಡಿಕೊಂಡಿತ್ತು, ಆದರೆ ಸೊಟ್ಟಗೆ. ಕಾಲು ಗಂಟೆ ಕೂತರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಕುಣಿಗಲ್ಲಿನ ಅಕ್ಕನ ಮನೆಗೆ ಹೋಗುವಾಗಲೂ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದ. ಅಂಥವನು ನಾಲ್ಕು ವರ್ಷದಿಂದ ಭಾನುವಾರ ಭಾನುವಾರ ಒಂದು ಕಾರು ಕಟ್ಟುತ್ತಿದ್ದ! ಈಗ ಅದಕ್ಕೆ ಸೀಟು ಬೇಕಿತ್ತು.

ಚಿಕ್ಕರಂಗಯ್ಯನವರು ಸೈಕಲ್ ಏರಿ ಸತ್ಯಮಂಗಲಕ್ಕೆ ಹೋಗಿ ನೋಡಿದರು. ಗುಜರಿಗೆ ಬಿದ್ದಿದ್ದ ಹೆರಾಲ್ಡ್ ಕಾರಿನ ಚಾಸಿ, ಅದೇ ಎಂಜಿನ್ನು. ಮೇಲಿನ ಮೈಯೆಲ್ಲ ಮೂರ್ತಿ ತಗಡು ಬಡಿದು ತಾನೇ ಮಾಡಿದ್ದು. ಉದ್ದ ಮೂತಿ, ಗಿಡ್ಡ ಬಾಲ, ತಲೆ ಮೇಲೆ ಏನೂ ಇಲ್ಲ. ಎತ್ತರ ಅವರ ಸೊಂಟದವರೆಗೂ ಬರಲಿಲ್ಲ. ಒಳಗೆ ಇಬ್ಬರು ಕೂರಲು ಎರಡು ಗುಂಡಿ.

"ಇದೇನ್ಲಾ ಮೂರ್ತಿ, ದನಕ್ಕೆ ಕಲಗಚ್ಚು ಇಡೋ ಬಾನಿಗೆ ಚಕ್ರ ಹಾಕಿದೀಯಾ?"

"ಓಡ್ತದೆ ರಂಗಣ್ಣೋರೆ, ಎಲ್ಲಾ ಕಾರಿಗಿಂತ ಜೋರಾಗಿ ಓಡ್ತದೆ. ಓಡಿಸೋನು ಕೂರಂಗಿಲ್ಲ, ಅಷ್ಟೇ. ಯುಗಾದಿಗೆ ಇದ್ರಲ್ಲೇ ಬರ್ತೀನಿ ಅಂತ ಅಕ್ಕಂಗೆ ಮಾತು ಕೊಟ್ಟಿದೀನಿ. 'ಮಧ್ಯದಲ್ಲಿ ಎಲ್ಲೂ ಇಳೀದೆ ಬಂದ್ರೆ ಮಾತ್ರ ಹೋಳಿಗೆ' ಅಂದವ್ಳೆ. ಒಬ್ನೇ ಬರ್ಬೇಡ, ದಾರೀಲಿ ಸೊಂಟ ಹಿಡ್ಕೊಂಡ್ರೆ ಯಾರು ನೋಡ್ತಾರೆ ಅಂತ ಬೇರೆ ಹೇಳವ್ಳೆ."

ಚಿಕ್ಕರಂಗಯ್ಯನವರು ಕಾರಿನ ಸುತ್ತ ಎರಡು ಸುತ್ತು ಬಂದರು. ಈ ಗುಂಡಿಗೆ ನಾರು, ಸ್ಪ್ರಿಂಗು ನಡೆಯುವುದಿಲ್ಲ. ಫೋಮೇ ಬೇಕು, ಅದೂ ಇವನ ಮೈಗೆ ತಕ್ಕಂತೆ ಕೊರೆದದ್ದು. ಅಂಥ ಕೆಲಸ ಅವರು ಮಾಡಿರಲಿಲ್ಲ. "ಕೂರಿಸ್ತೀನಿ ಬಾ" ಎಂದುಬಿಟ್ಟರು.

ಅಳತೆ ತೆಗೆದದ್ದು ಮರಳಿನಲ್ಲಿ. ಗುಂಡಿಗೆ ಒದ್ದೆ ಮರಳು ತುಂಬಿಸಿ, ಮೇಲೆ ಪ್ಲಾಸ್ಟಿಕ್ ಹಾಸಿ, ಮೂರ್ತಿಯನ್ನು ಮೆಲ್ಲಗೆ ಇಳಿಸಿದರು. ಎದ್ದ ಮೇಲೆ ನೋಡಿದರೆ ಬಲಗಡೆ ಆಳವಾದ ಅಚ್ಚು, ಎಡಗಡೆ ಬರೀ ಸವರಿದಂತೆ. ಎಡಸೊಂಟ ಕೆಳಗೆ ಮುಟ್ಟುವುದೇ ಇಲ್ಲ, ಇಡೀ ಮೈಭಾರ ಆ ಸೊಟ್ಟ ಮೂಳೆಗೆ ಜೋತುಬೀಳುತ್ತದೆ! ಎಡಕ್ಕೆ ಎರಡು ಬೆರಳು ಎತ್ತರ ಕೊಟ್ಟರೆ ಸರಿಹೋಗುತ್ತದೆ. ಖಾಕಿ ಕಾಗದವನ್ನು ಗುಂಡಿಯ ಆಕಾರಕ್ಕೆ ಕತ್ತರಿಸಿ, ಎಲ್ಲೆಲ್ಲಿ ಎಷ್ಟೆಷ್ಟು ಆಳ ಎಂದು ಬೆರಳಲ್ಲೇ ಅಳೆದು ಗುರುತು ಹಾಕಿಕೊಂಡರು.

ಬೆಂಗಳೂರಿನಿಂದ ಎರಡು ಸೀಟಿಗಾಗುವಷ್ಟು ದಪ್ಪ ಫೋಮು ಬಂತು. ಮತ್ತೆ ಬೇಕಾದರೆ ಯುಗಾದಿ ಕಳೆದ ಮೇಲೆ ಎಂದಿದ್ದ ಅಂಗಡಿಯವನು. ಚಿಕ್ಕರಂಗಯ್ಯನವರು ಹ್ಯಾಕ್ಸಾ ಬ್ಲೇಡಿಗೆ ಸಾಣೆ ಹಿಡಿದು, ನೀರಿನಲ್ಲಿ ಅದ್ದಿ ಅದ್ದಿ, ಬೆಣ್ಣೆ ಕೊಯ್ದ ಹಾಗೆ ಕೊಯ್ದರು. ಮೇಲೆ ಕೆಂಪು ರೆಕ್ಸಿನ್ನು, ಅಂಚಿಗೆ ಬಿಳಿ ಪೈಪಿಂಗು. ಸೀಟು ಮದುವಣಗಿತ್ತಿಯ ಹಾಗೆ ಹೊಳೆಯಿತು.

ಯುಗಾದಿಗೆ ಎಂಟು ದಿನವಿತ್ತು. ಸೀಟನ್ನು ಗುಂಡಿಯಲ್ಲಿ ಕೂರಿಸಿ, "ಇಳಿಯಪ್ಪಾ ರಾಜ" ಎಂದರು. ಮೂರ್ತಿ ಇಳಿದ. ಇಳಿದವನು ಹಾಗೇ ಎಡಕ್ಕೆ ವಾಲಿ, ಪಕ್ಕದ ಗುಂಡಿಯ ಕಡೆಗೆ ಉರುಳಿದ.

"ರಂಗಣ್ಣೋರೆ, ಕಾರೇನಾದ್ರೂ ಇಳಿಜಾರಲ್ಲಿ ನಿಂತದಾ?"

ಚಕ್ರಕ್ಕೆ ಕಲ್ಲು ಕೊಟ್ಟು ನೋಡಿದರು. ಕಾರನ್ನು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿ ನೋಡಿದರು. ಮೂರ್ತಿ ಪ್ರತಿ ಸಲವೂ ಎಡಕ್ಕೇ ವಾಲಿದ. ಕೊನೆಗೆ ಚಿಕ್ಕರಂಗಯ್ಯನವರು ಜೇಬಿನಿಂದ ಖಾಕಿ ಕಾಗದ ತೆಗೆದು ಸೀಟಿನ ಮೇಲಿಟ್ಟರು. ಮತ್ತೆ ಮಗುಚಿ ಇಟ್ಟರು. ಅವರ ಮುಖ ಇಳಿದುಹೋಯಿತು.

ರೆಕ್ಸಿನ್ ಕತ್ತರಿಸುವಾಗ ಕಾಗದವನ್ನು ಮಗುಚಿ, ಬಟ್ಟೆಯ ಹಿಂಭಾಗದಲ್ಲಿ ಗುರುತು ಹಾಕುವುದು ಪದ್ಧತಿ. ಹೊಲಿದ ಮೇಲೆ ಅದನ್ನು ಒಳಗು ಹೊರಗು ಮಾಡುವುದರಿಂದ ಎಲ್ಲ ಸರಿಹೋಗುತ್ತದೆ. ಫೋಮನ್ನು ಯಾರೂ ಒಳಗು ಹೊರಗು ಮಾಡುವುದಿಲ್ಲ! ಮೂವತ್ತು ವರ್ಷದ ಕೈ ಅಭ್ಯಾಸ ಫೋಮಿನ ಮೇಲೂ ಕಾಗದವನ್ನು ಮಗುಚಿಯೇ ಇಟ್ಟಿತ್ತು. ಲಾರಿ ಸೀಟಿಗೆ ಎಡವೂ ಒಂದೇ, ಬಲವೂ ಒಂದೇ. ಅಲ್ಲಿ ಈ ತಪ್ಪು ಯಾವತ್ತೂ ಸಿಕ್ಕಿಬಿದ್ದಿರಲಿಲ್ಲ. ಎಡಕ್ಕೆ ಬೇಕಾದ ಎತ್ತರ ಬಲಕ್ಕೆ ಬಂದು ಕೂತಿತ್ತು.

ಸೀಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ಅಂಗಡಿಯ ಮೂಲೆಗೆ ಹಾಕಿದರು. ಉಳಿದಿರುವ ಅರ್ಧ ಫೋಮಿನಲ್ಲಿ ಮೂರ್ತಿಯ ಸೀಟು ಮತ್ತೆ ಕೊಯ್ಯಬಹುದು. ಆಗ ಪಕ್ಕದ ಗುಂಡಿಗೆ ಉಳಿಯುವುದು ಈ ಸೊಟ್ಟ ಸೀಟೇ. ಅದರ ಮೇಲೆ ಯಾವ ಮನುಷ್ಯ ಕುಣಿಗಲ್ಲಿನವರೆಗೆ ಕೂರುತ್ತಾನೆ? ಒಬ್ಬನೇ ಹೋದರೆ ಅಕ್ಕ ಒಪ್ಪುವುದಿಲ್ಲ. ಯೋಚನೆ ಮಾಡುತ್ತಾ ಅದೇ ಸೀಟಿನ ಮೇಲೆ ಕೂತು, ಲಕ್ಷ್ಮೀದೇವಮ್ಮ ತಂದ ಕಾಫಿ ಕುಡಿದರು. ಕುಡಿದ ಮೇಲೂ ಕೂತೇ ಇದ್ದರು. ಬೀದಿಯಲ್ಲಿ ನಾಲ್ಕು ಬಸ್ಸು ಹೋದವು.

"ರೀ, ಇವತ್ತೇನು ಗೋಣಿ ಕೇಳ್ಲೇ ಇಲ್ಲ?"

"ಯಾವ ಗೋಣಿ?"

"ನಿಮ್ಮ ಬಲಗಡೆ ಗೋಣಿ. ಅದಿಲ್ದೆ ನೀವು ಎರಡು ನಿಮಿಷ ಎಲ್ಲಿ ಕೂತಿದೀರಿ ಹೇಳಿ? ಆವಾಗ್ಲಿಂದ ನೋಡ್ತಿದೀನಿ, ಅಲ್ಲಾಡಿಲ್ಲ ನೀವು."

ಚಿಕ್ಕರಂಗಯ್ಯನವರು ತಮ್ಮ ಕೆಳಗಿನ ಸೀಟನ್ನು ಮುಟ್ಟಿ ನೋಡಿಕೊಂಡರು. ಬಲಕ್ಕೆ ಎರಡು ಬೆರಳು ಎತ್ತರ. ನಾಲ್ಕು ಮಡಿಕೆ ಗೋಣಿಯೂ ಎರಡೇ ಬೆರಳು. ಊರವರು ಕೂರುವುದನ್ನೆಲ್ಲ ನೋಡಿದ್ದ ಮನುಷ್ಯ ತಾನು ಕೂರುವುದನ್ನು ಒಂದು ದಿನವೂ ನೋಡಿಕೊಂಡಿರಲಿಲ್ಲ.

"ನಾನೂ ಸೊಟ್ಟಾನೇ ಏನೇ?"

"ಮದುವೆ ಆದಾಗಿಂದ ಹೇಳ್ತಿದೀನಿ," ಎಂದರು ಲಕ್ಷ್ಮೀದೇವಮ್ಮ. "ಇನ್ನೊಂದು ಸೀಟಿಗೆ ಮನುಷ್ಯ ಸಿಕ್ಕಿದ ಬಿಡಿ. ಹೋಗಿ ಫೋಮು ಕೊಯ್ರಿ."

ಈ ಸಲ ಬ್ಲೇಡು ಮುಟ್ಟುವ ಮೊದಲು ಕಾಗದದ ಮೇಲ್ಮೈಗೆ ಮೂರ್ತಿಯ ಮುಖ ಬರೆದರು, ಮೀಸೆ ಸಮೇತ. ಮುಖ ಕಾಣುತ್ತಿದ್ದರೆ ಕಾಗದ ಸರಿಯಾಗಿದೆ, ಕಾಣದಿದ್ದರೆ ಕೈ ಎತ್ತಬೇಕು. ಮೂರು ಸಲ ನೋಡಿ, ಹೆಂಡತಿಗೂ ತೋರಿಸಿ, ಆಮೇಲೆ ಕೊಯ್ದರು.

ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ತಿಂದು, ಹೊಸ ಪಂಚೆ ಉಟ್ಟು, ಚಿಕ್ಕರಂಗಯ್ಯನವರು ತಮ್ಮ ಸೊಟ್ಟ ಸೀಟಿನಲ್ಲಿ ಕೂತರು. "ನನಗಂತೂ ಮೂರನೇ ಗುಂಡಿ ಇಲ್ಲ. ಹೋಳಿಗೆ ಕಟ್ಟಿಸ್ಕೊಂಡು ಬನ್ನಿ" ಎಂದು ಲಕ್ಷ್ಮೀದೇವಮ್ಮ ಕಳಿಸಿಕೊಟ್ಟರು. ಗೂಳೂರು ದಾಟುವಾಗ ಹುಡುಗರು ಕೂಗುತ್ತಾ ಹಿಂದೆ ಓಡಿದರು. ನೆಲ ಇಷ್ಟು ಹತ್ತಿರದಲ್ಲಿ ಓಡುವುದನ್ನು ಚಿಕ್ಕರಂಗಯ್ಯನವರು ಕಂಡಿರಲಿಲ್ಲ. ಕೈ ಚಾಚಿದರೆ ರಸ್ತೆಯ ಕಲ್ಲು ಹೆಕ್ಕಬಹುದಿತ್ತು! ಆದರೂ ಅವರ ಕಣ್ಣೆಲ್ಲ ಮೂರ್ತಿಯ ಸೊಂಟದ ಮೇಲೆ.

ಕಾಲು ಗಂಟೆ ದಾಟಿತು. ಹೆಬ್ಬೂರು ಬಂತು.

"ಇಳೀತೀಯಾ ಮೂರ್ತಿ?"

"ಯಾಕೆ, ನಿಮ್ಗೆ ನೋಯ್ತಾ ಐತಾ?"

"ನಂಗೇನು ನೋವು! ಹೊಡಿ, ಹೊಡಿ."

ಕುಣಿಗಲ್ ಕೆರೆ ಏರಿಯ ಮೇಲೆ ಗಾಳಿಗೆ ಚಿಕ್ಕರಂಗಯ್ಯನವರ ಟವೆಲು ಹಾರಿಹೋಯಿತು. ನಿಲ್ಲಿಸು ಎನ್ನಲಿಲ್ಲ ಅವರು. ನಿಲ್ಲಿಸಿದರೆ ಮೂರ್ತಿ ಇಳಿದ ಲೆಕ್ಕವಾಗುತ್ತದಲ್ಲ!

ಶಬ್ದ ಕೇಳಿ ಅಕ್ಕ ಶಕುಂತಲಮ್ಮ ಬಾಗಿಲಿಗೆ ಓಡಿ ಬಂದರು. ಕೈಯಲ್ಲಿ ಹೋಳಿಗೆಯ ಕಣಕ ಮೆತ್ತಿತ್ತು.

"ಎಲ್ಲೂ ಇಳೀಲಿಲ್ವೇನೋ? ನಿಜ ಹೇಳು!"

"ಬೇಕಾದ್ರೆ ರಂಗಣ್ಣೋರ ಟವೆಲ್ ಕೇಳು, ಕೆರೇಲದೆ."

ಅಕ್ಕ ಕಣ್ಣೊರೆಸಿಕೊಂಡರು. ಕಣಕ ಕೆನ್ನೆಗೆ ಮೆತ್ತಿಕೊಂಡಿತು. "ಸರಿ, ಇಳ್ಕೊಂಡು ಒಳಕ್ಕೆ ಬಾರೋ. ಎಲೆ ಹಾಕಿದೀನಿ."

ಮೂರ್ತಿ ಇಳಿಯಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು, ಸೀಟಿಗೆ ಬೆನ್ನು ಒರಗಿಸಿದ.

"ಎಲೇನ ಇಲ್ಲಿಗೇ ತಗಂಬಾ ಅಕ್ಕಾ. ಹತ್ತು ವರ್ಷ ನಿಂತಿದೀನಿ, ಇನ್ನೊಂದು ಚೂರು ಕೂತಿರ್ತೀನಿ."

ಶಕುಂತಲಮ್ಮ ಎರಡು ಎಲೆ ತಂದರು.